ಮದನಪಲ್ಲಿಯ ಸಂಗೀತೋಪಾಧ್ಯಾಯಿನಿ ಶ್ರೀಮತಿ ಮಾರ್ಗರೆಟ್ ಕಸಿನ್ಸ್

ಬ್ರಹ್ಮಸಮುದ್ರ, ಕಲ್ಯಾಣದುರ್ಗ, ಮಡಕಶಿರ, ಹಿಂದೂಪುರಗಳ ಸೀಮೆಯಲ್ಲಿ ಉಪಾಧ್ಯಾಯ ವೃತ್ತಿಯನ್ನು ಅವಲಂಬಿಸಿರುವ ನಾವು ದಿನವೂ ಒಂದು ಸಂಗತಿಯನ್ನು ಕಾಣುತ್ತೇವೆ. ದಿನವೂ ಕಾಣುವುದರಿಂದಲೇ ಅದನ್ನು ಗಮನಿಸದೆ ಬಿಡುತ್ತೇವೆ. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಮಕ್ಕಳಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ತೆಲುಗು, ಇನ್ನು ಕೆಲವರದು ಉರ್ದು ಅಥವಾ ಲಂಬಾಣಿ. ತರಗತಿಯೊಳಗೆ ಹೋದಮೇಲೆ ಕನ್ನಡ ಮಾಧ್ಯಮದವರು ಒಂದು ಕೋಣೆಗೆ, ತೆಲುಗು ಮಾಧ್ಯಮದವರು ಇನ್ನೊಂದು ಕೋಣೆಗೆ ಹಂಚಿಹೋಗುತ್ತಾರೆ. ಆದರೆ ರಾಷ್ಟ್ರಗೀತೆಯನ್ನು ಹಾಡುವಾಗ ಇವರೆಲ್ಲರ ಶ್ರುತಿಯೂ ನಡೆಯೂ ಒಂದೇ ಆಗಿರುತ್ತದೆ. ವಂಗಭಾಷೆಯನ್ನು ಎಂದೂ ಕೇಳದ ಮಕ್ಕಳು ಸಂಸ್ಕೃತಪ್ರಚುರವಾದ ವಂಗಗೀತವನ್ನು 52 ಸೆಕೆಂಡುಗಳೊಳಗೆ ಹಾಡಿ ಮುಗಿಸುತ್ತಾರೆ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಕಾಶ್ಮೀರದ ಮಗುವಿಗೂ ನಮ್ಮ ಹಳ್ಳಿಯ ಮಗುವಿಗೂ ಭೇದವಿಲ್ಲ.

ಗುರುಮುಖದಿಂದ ಕಲಿತ ಹಾಡು ಊರಿಂದೂರಿಗೆ ಬದಲಾಗುವುದು ಸ್ವಭಾವ. ಹಾಗಿರುವಾಗ ಈ ಒಂದು ಹಾಡಿಗೆ ಇಂತಹ ಸ್ಥಿರತೆ ಹೇಗೆ ಬಂತು? ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮ ನೆರೆಯಲ್ಲಿಯೇ, ಆಗಿನ ಚಿತ್ತೂರು ಜಿಲ್ಲೆಯ ಮದನಪಲ್ಲಿಯಲ್ಲಿ, 1919ನೆಯ ಇಸವಿಯ ಫೆಬ್ರವರಿಯಲ್ಲಿ ನಡೆದ ಒಂದು ಸಣ್ಣ ಕೆಲಸ. ಆ ಕೆಲಸವನ್ನು ಮಾಡಿದವರು ಐರ್ಲೆಂಡಿನಲ್ಲಿ ಹುಟ್ಟಿ, ಪಿಯಾನೋ ವಾದ್ಯದಲ್ಲಿ ಶಾಸ್ತ್ರೋಕ್ತ ಶಿಕ್ಷಣ ಪಡೆದು, ಸಂಗೀತ ಪಾಠ ಹೇಳಿ ಜೀವನ ಆರಂಭಿಸಿ, ಕೊನೆಗೆ ಈ ದೇಶದ ಮಣ್ಣಿನಲ್ಲಿಯೇ ಮಣ್ಣಾದ ಒಬ್ಬ ಮಹಿಳೆ. ಅವರ ಜೀವನವನ್ನು ಸಂಗ್ರಹವಾಗಿ ನಿರೂಪಿಸಿ, ಅವರು ಮಾಡಿದ್ದೆಷ್ಟು, ಅವರ ಹೆಸರಿಗೆ ಜನ ಸೇರಿಸಿರುವುದೆಷ್ಟು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಜನನ, ವಿದ್ಯಾಭ್ಯಾಸ

ಮಾರ್ಗರೆಟ್ ಎಲಿಜಬೆತ್ ಗಿಲೆಸ್ಪಿ ಅವರು 1878ನೆಯ ನವೆಂಬರ್ 7ರಂದು ಐರ್ಲೆಂಡಿನ ರಾಸ್‌ಕಾಮನ್ ಪ್ರಾಂತದ ಬಾಯ್ಲ್ ಎಂಬ ಚಿಕ್ಕ ಪಟ್ಟಣದಲ್ಲಿ ಜನಿಸಿದರು. ಮೆಥಡಿಸ್ಟ್ ಪಂಥಕ್ಕೆ ಸೇರಿದ ದೊಡ್ಡ ಸಂಸಾರ. ಮಕ್ಕಳಲ್ಲಿ ಇವರೇ ಹಿರಿಯರು. ಡೆರ‍್ರಿ ನಗರದ ಬಾಲಿಕಾ ಪ್ರೌಢಶಾಲೆಯಲ್ಲಿ ಓದು ಮುಗಿಸಿ, 1898ರಲ್ಲಿ ವಿದ್ಯಾರ್ಥಿವೇತನ ಪಡೆದು ಡಬ್ಲಿನ್ ನಗರದ ರಾಯಲ್ ಐರಿಷ್ ಸಂಗೀತ ಅಕಾಡೆಮಿಗೆ ಸೇರಿದರು. 1902ರಲ್ಲಿ ಐರ್ಲೆಂಡಿನ ರಾಯಲ್ ವಿಶ್ವವಿದ್ಯಾನಿಲಯದಿಂದ ಸಂಗೀತದಲ್ಲಿ ಪದವಿಯನ್ನು ಪಡೆದರು. ಹೆಣ್ಣುಮಕ್ಕಳು ಪದವಿಯವರೆಗೆ ಓದುವುದೇ ವಿರಳವಾಗಿದ್ದ ಕಾಲವದು.

ಪಾಶ್ಚಾತ್ಯ ದೇಶಗಳ ಸಂಗೀತ ಶಿಕ್ಷಣದಲ್ಲಿ ಒಂದು ವೈಶಿಷ್ಟ್ಯವುಂಟು. ಅಲ್ಲಿ ವಿದ್ಯಾರ್ಥಿಯು ನುಡಿಸಲು ಕಲಿಯುವಷ್ಟೇ ಶ್ರಮದಿಂದ ಬರೆಯಲೂ ಕಲಿಯಬೇಕು. ಕಿವಿಗೆ ಬಿದ್ದ ಧಾಟಿಯನ್ನು ಐದು ಗೆರೆಗಳ ಮೇಲೆ ಇಳಿಸುವುದು, ಬರೆದದ್ದನ್ನು ನೋಡಿದೊಡನೆಯೇ ನುಡಿಸುವುದು, ಇವೆರಡೂ ಅವರಿಗೆ ಅಕ್ಷರಾಭ್ಯಾಸವಿದ್ದಂತೆ. ಡಬ್ಲಿನ್ನಿನಲ್ಲಿ ಕೈಗೂಡಿದ ಈ ಅಭ್ಯಾಸವೇ ಮುಂದೆ ಮದನಪಲ್ಲಿಯಲ್ಲಿ ಉಪಯೋಗಕ್ಕೆ ಬಂತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

1903ರಲ್ಲಿ ಕವಿಯೂ ವಿಮರ್ಶಕರೂ ಆದ ಜೇಮ್ಸ್ ಕಸಿನ್ಸ್ ಅವರೊಡನೆ ವಿವಾಹವಾಯಿತು. ದಂಪತಿಗಳಿಬ್ಬರೂ ಸಸ್ಯಾಹಾರವ್ರತವನ್ನು ಹಿಡಿದರು. ಇಬ್ಬರಿಗೂ ಥಿಯಾಸಫಿಯಲ್ಲಿ ಆಸಕ್ತಿ ಬೆಳೆಯಿತು. ಸಂಸಾರದ ಖರ್ಚಿಗೆ ನೆರವಾಗಲೆಂದು ಮಾರ್ಗರೆಟ್ ಅವರು ಸಂಗೀತ ಪಾಠ ಹೇಳುತ್ತಿದ್ದರು. ಅಷ್ಟರಲ್ಲಿ ಸ್ತ್ರೀಯರ ಮತಾಧಿಕಾರದ ಚಳವಳಿ ಅವರನ್ನು ಸೆಳೆಯಿತು. 1908ರಲ್ಲಿ ಹಾನಾ ಶೀಹಿ ಸ್ಕೆಫಿಂಗ್ಟನ್ ಮುಂತಾದವರೊಡನೆ ಕೂಡಿ ಐರಿಷ್ ಮಹಿಳಾ ಮತಾಧಿಕಾರ ಸಂಘವನ್ನು ಸ್ಥಾಪಿಸಿದರು. 1910ರಲ್ಲಿ ಲಂಡನ್ನಿನ ಪ್ರತಿಭಟನೆಯಲ್ಲಿ ಭಾಗವಹಿಸಿ ಹಾಲೋವೇ ಸೆರೆಮನೆಯಲ್ಲಿ ಒಂದು ತಿಂಗಳು ಕಳೆದರು. 1913ರಲ್ಲಿ ಡಬ್ಲಿನ್ ಕೋಟೆಯ ಕಿಟಕಿಗಳನ್ನು ಒಡೆದುದಕ್ಕಾಗಿ ಮತ್ತೆ ಶಿಕ್ಷೆಯಾಯಿತು. ಟಲಮೋರ್ ಸೆರೆಮನೆಯಲ್ಲಿ ಉಪವಾಸ ಹೂಡಿದರು. ಪಿಯಾನೋ ನುಡಿಸುವ ಕೈಗಳು ಕಲ್ಲನ್ನೂ ಎತ್ತಿದುವು. ಇದನ್ನು ಮೆಚ್ಚುವವರೂ ಮೆಚ್ಚದವರೂ ಇರಬಹುದು. ಅನ್ಯಾಯವೆಂದು ತೋರಿದುದನ್ನು ಸಹಿಸಿ ಕೂಡುವ ಪ್ರಕೃತಿ ಅವರದಾಗಿರಲಿಲ್ಲ ಎಂಬುದಂತೂ ಸ್ಪಷ್ಟ.

ಭಾರತಕ್ಕೆ ಆಗಮನ

1915ರಲ್ಲಿ ಶ್ರೀಮತಿ ಅನಿಬೆಸೆಂಟರ ಆಹ್ವಾನದ ಮೇರೆಗೆ ದಂಪತಿಗಳು ಮದರಾಸಿಗೆ ಬಂದರು. ಜೇಮ್ಸ್ ಅವರು ಬೆಸೆಂಟರ 'ನ್ಯೂ ಇಂಡಿಯಾ' ಪತ್ರಿಕೆಯಲ್ಲಿ ಕೆಲಸಕ್ಕೆ ನಿಂತರು. 1916ರಲ್ಲಿ ಡಬ್ಲಿನ್ನಿನಲ್ಲಿ ನಡೆದ ಈಸ್ಟರ್ ದಂಗೆಯನ್ನು ಹೊಗಳಿ ಬರೆದ ಲೇಖನದಿಂದಾಗಿ ಆ ಕೆಲಸ ತಪ್ಪಿತು. ಬಳಿಕ ಬೆಸೆಂಟರೇ ಅವರನ್ನು ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜಿಗೆ ಕಳುಹಿಸಿಕೊಟ್ಟರು. ಈ ಕಾಲೇಜು 1915ರಲ್ಲಿ ಆರಂಭವಾದುದು. ಕೋಲಾರದ ಅಂಚಿಗೆ ಹೊಂದಿಕೊಂಡ, ಬಂಡೆಬೆಟ್ಟಗಳ ನಡುವಣ, ಬೇಸಗೆಯಲ್ಲೂ ಅಷ್ಟಾಗಿ ಬೇಯದ ಊರು ಮದನಪಲ್ಲಿ. ಜೇಮ್ಸ್ ಅವರು ಕಾಲೇಜಿನ ಆಡಳಿತದಲ್ಲಿದ್ದರೆ, ಮಾರ್ಗರೆಟ್ ಅವರು ಇಂಗ್ಲಿಷ್ ಪಾಠ ಹೇಳುತ್ತ ಸಂಗೀತವನ್ನೂ ನೋಡಿಕೊಳ್ಳುತ್ತಿದ್ದರು.

ಈ ಅವಧಿಯಲ್ಲಿಯೇ ಅವರು ಭಾರತದ ಸ್ತ್ರೀಯರ ಕಾರ್ಯಕ್ಕೂ ಕೈಹಾಕಿದರು. 1917ರ ಮೇ ತಿಂಗಳಲ್ಲಿ ಅಡಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಸ್ಥಾಪನೆಯಾದಾಗ ಬೆಸೆಂಟ್ ಮತ್ತು ಡೊರೊತಿ ಜಿನರಾಜದಾಸರೊಡನೆ ಇವರೂ ಮುಂದಾಳಾಗಿದ್ದರು. ಅದೇ ವರ್ಷದ ಡಿಸೆಂಬರ್ 18ರಂದು ಭಾರತಮಂತ್ರಿ ಮಾಂಟೆಗು ಮದರಾಸಿಗೆ ಬಂದಾಗ ಸರೋಜಿನಿ ನಾಯುಡು ಅವರ ನೇತೃತ್ವದ ಮಹಿಳಾ ನಿಯೋಗವೊಂದು ಅವರನ್ನು ಕಂಡು ಸ್ತ್ರೀಯರಿಗೂ ಮತಾಧಿಕಾರ ಬೇಕೆಂದು ಕೇಳಿತು. ಆ ನಿಯೋಗವನ್ನು ಒಗ್ಗೂಡಿಸಿದ ಶ್ರಮ ಮಾರ್ಗರೆಟ್ ಕಸಿನ್ಸರದು.

1919ರ ಫೆಬ್ರವರಿ

ದಕ್ಷಿಣ ದೇಶದ ಪ್ರವಾಸದಲ್ಲಿದ್ದ ಕವಿ ರವೀಂದ್ರನಾಥ ಠಾಕೂರರು ಜೇಮ್ಸ್ ಕಸಿನ್ಸರ ಆಹ್ವಾನವನ್ನು ಮನ್ನಿಸಿ 1919ರ ಫೆಬ್ರವರಿ ಕೊನೆಯಲ್ಲಿ ಮದನಪಲ್ಲಿಗೆ ಬಂದು ಕೆಲವು ದಿನ ವಿಶ್ರಾಂತಿ ಪಡೆದರು. ಕಾಲೇಜಿನಲ್ಲಿ ಪ್ರತಿ ಬುಧವಾರ ರಾತ್ರಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಹಾಡುವ ಪದ್ಧತಿಯಿತ್ತು. ಆ ಕೂಟದಲ್ಲಿ ಕವಿಗಳು ತಮ್ಮ 'ಜನಗಣಮನ'ವನ್ನು ಹಾಡಿದರು. 1911ರ ಡಿಸೆಂಬರ್ 27ರಂದು ಕಲಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲ ಬಾರಿ ಹಾಡಿದ ಗೀತವಾದರೂ, ದಕ್ಷಿಣದ ಆ ಹುಡುಗರಿಗೆ ಅದು ಹೊಸದು. ದೇಶದ ಸೀಮೆಗಳನ್ನೂ ಗಿರಿನದಿಗಳನ್ನೂ ಹೆಸರಿಸುವ ಹಾಡನ್ನು ಕೇಳಿ ಸಭೆ ಮೈಮರೆಯಿತೆಂದೂ, ಪಲ್ಲವಿಯಲ್ಲಿ ಎಲ್ಲರೂ ದನಿಗೂಡಿಸಿದರೆಂದೂ, ಮತ್ತೆ ಮತ್ತೆ ಹಾಡಬೇಕೆಂದು ಕೇಳಿದರೆಂದೂ ಜೇಮ್ಸ್ ಅವರು ಬರೆದಿಟ್ಟಿದ್ದಾರೆ.

ಕೂಟ ಮುಗಿದಮೇಲೆ ಸಾಮಾನ್ಯವಾಗಿ ಉಳಿಯುವುದು ಸವಿನೆನಪು ಮಾತ್ರ. ಆದರೆ ಸಭೆಯಲ್ಲಿ ಒಬ್ಬ ಸಂಗೀತೋಪಾಧ್ಯಾಯಿನಿ ಇದ್ದರು. ಮಾರ್ಗರೆಟ್ ಅವರು ಹಾಡಿನ ಧಾಟಿಯನ್ನು ಸ್ವರಸ್ವರವಾಗಿ ಗುರುತು ಹಾಕಿಕೊಂಡರು. ವಿದ್ಯಾರ್ಥಿಗಳಿಂದ ಸಾಲುಸಾಲಾಗಿ ಹಾಡಿಸಿದರು. ಕವಿಗಳಿಗೆ ಕೇಳಿಸಿ ಅವರ ಒಪ್ಪಿಗೆ ಪಡೆದರು. ಕವಿಗಳು ಆ ಗೀತವನ್ನು ಇಂಗ್ಲಿಷಿಗೆ ತಾವೇ ತಿರುಗಿಸಿ, 'ಭಾರತದ ಪ್ರಭಾತಗೀತ' ಎಂಬ ಅರ್ಥದ ಶೀರ್ಷಿಕೆ ಕೊಟ್ಟು, ಫೆಬ್ರವರಿ 28ರ ತಾರೀಖು ಹಾಕಿ, ತಮ್ಮ ಕೈಬರಹದಲ್ಲಿ ಕಾಲೇಜಿಗೆ ಕೊಟ್ಟರು. ಅಂದಿನಿಂದ ಅದು ಆ ಕಾಲೇಜಿನ ಪ್ರಾರ್ಥನಾಗೀತವಾಯಿತು. ಅಲ್ಲಿ ಓದಿದ ಹುಡುಗರು ಹೋದೆಡೆಗೆ ಹಾಡೂ ಹೋಯಿತು. ಇದನ್ನೇ ರಾಷ್ಟ್ರಗೀತೆಯಾಗಿ ಅಂಗೀಕರಿಸಬೇಕೆಂದು ಜೇಮ್ಸ್ ಕಸಿನ್ಸರು 1937ರಲ್ಲಿ ಮದರಾಸಿನ ಪತ್ರಿಕೆಯೊಂದಕ್ಕೆ ಬರೆದರು. 1950ರ ಜನವರಿ 24ರಂದು ರಾಜ್ಯಾಂಗ ಸಭೆಯಲ್ಲಿ ಅದು ರಾಷ್ಟ್ರಗೀತೆಯೆಂದು ಘೋಷಿತವಾಯಿತು.

ಧಾಟಿ ಯಾರದು?

ಮದನಪಲ್ಲಿಯ ಕಡೆ 'ರಾಷ್ಟ್ರಗೀತೆಗೆ ರಾಗ ಹಾಕಿದವರು ಕಸಿನ್ಸ್ ಅಮ್ಮನವರು' ಎಂಬ ಮಾತು ಬಳಕೆಯಲ್ಲಿದೆ. ಇನ್ನು ಕೆಲವರು ಆಜಾದ್ ಹಿಂದ್ ಸೇನೆಯ ಕ್ಯಾಪ್ಟನ್ ರಾಮಸಿಂಗ್ ಠಾಕುರಿಯವರಿಗೆ ಆ ಗೌರವವನ್ನು ಸಲ್ಲಿಸುವುದುಂಟು. ಸಂಶೋಧನೆಯಲ್ಲಿ ಪ್ರೀತಿಗಿಂತ ಸತ್ಯಕ್ಕೆ ಮೊದಲ ಮಣೆ. ಗೀತವು 1911ರಲ್ಲಿಯೇ ಸಭೆಯಲ್ಲಿ ಹಾಡಲ್ಪಟ್ಟಿತ್ತು. ಮದನಪಲ್ಲಿಯಲ್ಲಿ ಹಾಡಿದವರು ಸ್ವತಃ ಕವಿಗಳೇ. ಆದುದರಿಂದ ಮೂಲ ಧಾಟಿ ರವೀಂದ್ರರದೇ ಎಂಬುದರಲ್ಲಿ ಸಂದೇಹವಿಲ್ಲ. ಶಾಂತಿನಿಕೇತನದಲ್ಲಿ ದಿನೇಂದ್ರನಾಥ ಠಾಕೂರರು ಕವಿಯ ಗೀತಗಳಿಗೆ ವಂಗದೇಶದ ಪದ್ಧತಿಯಲ್ಲಿ ಸ್ವರಲಿಪಿ ಬರೆಯುತ್ತಿದ್ದುದೂ ಪ್ರಸಿದ್ಧವೇ. ರಾಮಸಿಂಗರ ಕಾರ್ಯ 1943ರ ಅನಂತರದ್ದು, ಹಿಂದೂಸ್ತಾನಿಯಲ್ಲಿ ಬರೆದ ಬೇರೆ ಪಾಠಕ್ಕೆ ಸಂಬಂಧಿಸಿದ್ದು.

ಹಾಗಾದರೆ ಕಸಿನ್ಸರ ಪಾಲು ಯಾವುದು? ಬಾಯಲ್ಲಿದ್ದುದನ್ನು ಕಾಗದಕ್ಕೆ ತಂದು, ತರಗತಿಯಲ್ಲಿ ಕಲಿಸಬಹುದಾದ ರೂಪಕ್ಕೆ ನಿಲ್ಲಿಸಿದುದು. ಇದು ಸಣ್ಣ ಕೆಲಸವೆಂದು ತಿಳಿಯುವವರು ಒಮ್ಮೆ ಮಾಡಿ ನೋಡಬೇಕು. ಗಾಯಕನು ಒಂದೇ ಸಾಲನ್ನು ಎರಡು ಸಲ ಹಾಡಿದರೆ ಎರಡೂ ಸಲ ಒಂದೇ ರೀತಿ ಇರುವುದಿಲ್ಲ. ಯಾವುದನ್ನು ಬರೆಯಬೇಕು? ಯಾವ ಶ್ರುತಿಯಲ್ಲಿ ಬರೆದರೆ ಮಕ್ಕಳ ಕಂಠಕ್ಕೆ ಎಟುಕುತ್ತದೆ? ಯಾವ ಸ್ವರಕ್ಕೆ ಎಷ್ಟು ಕಾಲ? ಗಾಯಕನ ಮನೋಧರ್ಮದಿಂದ ಬಂದ ಅಲಂಕಾರವಾವುದು, ಹಾಡಿನ ಅಸ್ಥಿಯಾವುದು? ಬರೆಯುವವನು ಇಷ್ಟನ್ನೂ ನಿರ್ಣಯಿಸಬೇಕು. ಅದಕ್ಕಾಗಿಯೇ ಅವರು ಹುಡುಗರಿಂದ ಹಾಡಿಸಿ ನೋಡಿದುದು, ಕವಿಗಳಿಗೆ ಒಪ್ಪಿಸಿದುದು. ಉಪಾಧ್ಯಾಯರಾದವರಿಗೆ ಈ ಕ್ರಮದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಗೀತದ ಸ್ವಭಾವವೂ ಕಾರ್ಯಕ್ಕೆ ಅನುಕೂಲವಾಗಿತ್ತು. ಬಹುಮಟ್ಟಿಗೆ ನಮ್ಮ ಶಂಕರಾಭರಣದ, ಹಿಂದೂಸ್ತಾನಿಯ ಬಿಲಾವಲದ ಸ್ವರಗಳಲ್ಲಿ ಇದು ಸಂಚರಿಸುತ್ತದೆ. ಒಂದೆಡೆ ಮಾತ್ರ ಪ್ರತಿಮಧ್ಯಮದ ಸೋಂಕು ಉಂಟು. ಷಡ್ಜದಿಂದ ಹೊರಟು ಗಾಂಧಾರದಲ್ಲಿ ನಿಂತು, ಸೀಮೆಗಳ ಹೆಸರು ಬರುವಲ್ಲಿ ಪಂಚಮಕ್ಕೇರುತ್ತದೆ. ಜಯಘೋಷದಲ್ಲಿ ತಾರಷಡ್ಜವನ್ನು ಮುಟ್ಟುತ್ತದೆ. ಕೆಳಗೆ ಮಂದ್ರ ನಿಷಾದ, ಮೇಲೆ ತಾರಷಡ್ಜ, ಇಷ್ಟೇ ಇದರ ಹರವು. ಅಕ್ಷರಕ್ಕೊಂದು ಸ್ವರದಂತೆ ನಡೆಯುವುದರಿಂದ ಗಮಕದ ಭಾರವೂ ಕಡಮೆ. ಪಿಯಾನೋವಿನ ಒಂದು ಸ್ಥಾಯಿಯಲ್ಲಿ ಹನ್ನೆರಡು ಮನೆಗಳು; ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವಂತಿಲ್ಲ. ತೋಡಿಯನ್ನೋ ಭೈರವಿಯನ್ನೋ ಅದರಲ್ಲಿ ಹಿಡಿಯಹೋದರೆ ಅಸ್ಥಿ ಮಾತ್ರ ಸಿಕ್ಕೀತು, ಜೀವ ಸಿಕ್ಕದು. ಈ ಗೀತವನ್ನು ಹಿಡಿದಾಗ ಹೆಚ್ಚೇನೂ ಕಳೆದುಹೋಗಲಿಲ್ಲ.

ತಮ್ಮ ವಾದ್ಯದ ಈ ಮಿತಿಯನ್ನು ಮಾರ್ಗರೆಟ್ ಅವರು ಅರಿತಿದ್ದರು. ಪೂರ್ವಪಶ್ಚಿಮಗಳ ಸಂಗೀತ ಒಂದನ್ನೊಂದು ತಿಳಿಯಬೇಕೆಂಬ ಆಶಯದಿಂದ ಬರೆದ ಅವರ ಪ್ರಬಂಧಗಳು 1935ರಲ್ಲಿ ಗ್ರಂಥವಾಗಿ ಬಂದುವು. ಕನ್ನಡನಾಡಿಗಾದರೂ ಪಿಯಾನೋ ತೀರ ಅಪರಿಚಿತವಲ್ಲ. ವೀಣೆ ಶೇಷಣ್ಣನವರು ಆ ವಾದ್ಯದಲ್ಲಿಯೂ ಕೈಯಾಡಿಸಬಲ್ಲವರಾಗಿದ್ದರು. ಜಯಚಾಮರಾಜ ಒಡೆಯರು ಸ್ವತಃ ಪಿಯಾನೋ ಅಭ್ಯಾಸ ಮಾಡಿದವರು. ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಧನಸಹಾಯ ನೀಡಿ ಅವನ್ನು ಉಳಿಸಿಕೊಟ್ಟರು. ಆದರೆ ಅರಮನೆಯ ಪಿಯಾನೋವಿಗೂ ಹಳ್ಳಿಯ ಶಾಲೆಗೂ ದೂರ. ಪಿಯಾನೋ ವಿದ್ಯೆಯ ಫಲವನ್ನು ನಮ್ಮ ಮಕ್ಕಳ ನಾಲಗೆಗೆ ಮುಟ್ಟಿಸಿದವರು ಮದನಪಲ್ಲಿಯ ಈ ಉಪಾಧ್ಯಾಯಿನಿ.

ಕನ್ನಡ ನಾಡಿನ ನಂಟು

ಅದೇ 1919ರಲ್ಲಿ ಜೇಮ್ಸ್ ಅವರು ಜಪಾನಿಗೆ ಅಧ್ಯಾಪಕರಾಗಿ ಹೋದಾಗ ಮಾರ್ಗರೆಟ್ ಅವರು ಮಂಗಳೂರಿಗೆ ಬಂದು, ಅಲ್ಲಿನ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯ ಪ್ರಥಮ ಮುಖ್ಯೋಪಾಧ್ಯಾಯಿನಿಯಾಗಿ 1920ರವರೆಗೆ ದುಡಿದರು. ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಲ್ಲುವಂತೆ ಹುರಿದುಂಬಿಸಿದವರೂ ಇವರೇ. ಕಮಲಾದೇವಿಯವರು ಅಲ್ಪಮತಗಳಿಂದ ಸೋತರೂ ಮುಂದಿನವರಿಗೆ ದಾರಿಯಾಯಿತು. ಜೇಮ್ಸ್ ಅವರ ನಂಟೂ ಕನ್ನಡಕ್ಕೆ ಸಂದಿದೆ. 1924ರಲ್ಲಿ ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷಿನಲ್ಲಿ ಕವಿತೆ ಬರೆದು ತೋರಿಸಿದ ತರುಣನೊಬ್ಬನಿಗೆ, ನಿನ್ನ ಮಾತೃಭಾಷೆಯಲ್ಲಿ ಬರೆ ಎಂಬ ಬುದ್ಧಿವಾದ ಹೇಳಿದರು. ಆ ತರುಣನೇ ಮುಂದೆ ರಾಷ್ಟ್ರಕವಿಯಾದ ಕುವೆಂಪು. ಒಬ್ಬರು ವಂಗಗೀತವನ್ನು ದಕ್ಷಿಣದ ಮಕ್ಕಳಿಗೆ ಕಲಿಸಿದರು. ಇನ್ನೊಬ್ಬರು ಕನ್ನಡದ ಹುಡುಗನನ್ನು ಕನ್ನಡಕ್ಕೆ ಹಿಂದಿರುಗಿಸಿದರು. ಗಡಿಯಲ್ಲಿ ನಿಂತು ಎರಡು ನುಡಿಗಳನ್ನು ಕಾಯುವ ನಮಗೆ ಇವೆರಡೂ ಬೇಕಾದ ಪಾಠಗಳೇ.

ಉತ್ತರ ಜೀವನ

1922ರಲ್ಲಿ ಅವರು ಗೌರವ ಮ್ಯಾಜಿಸ್ಟ್ರೇಟರಾಗಿ ನೇಮಕಗೊಂಡರು. ಭಾರತದಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಇವರು. 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರುವುದಕ್ಕೆ ಮುಖ್ಯ ಕಾರಣರಾದರು; 1936ರಲ್ಲಿ ಅದರ ಅಧ್ಯಕ್ಷತೆ ವಹಿಸಿದರು. ಒಮ್ಮೆ ನ್ಯಾಯಪೀಠದಲ್ಲಿ ಕುಳಿತವರು 1932ರಲ್ಲಿ, ಸರ್ಕಾರದ ತುರ್ತು ಶಾಸನಗಳನ್ನು ಖಂಡಿಸಿ ಮಾತನಾಡಿದುದಕ್ಕಾಗಿ ಒಂದು ವರ್ಷದ ಶಿಕ್ಷೆಗೆ ಗುರಿಯಾಗಿ ವೆಲ್ಲೂರಿನ ಸ್ತ್ರೀಯರ ಸೆರೆಮನೆ ಸೇರಿದರು. ಲಂಡನ್, ಟಲಮೋರ್, ವೆಲ್ಲೂರು, ಮೂರು ದೇಶಗಳ ಸೆರೆಮನೆಯನ್ನು ಕಂಡ ಸಂಗೀತೋಪಾಧ್ಯಾಯಿನಿ ಇನ್ನೊಬ್ಬರಿರುವುದು ಅಪೂರ್ವ.

1940ರ ದಶಕದಲ್ಲಿ ಪಾರ್ಶ್ವವಾಯು ಬಡಿದು ಅವರ ಓಡಾಟ ನಿಂತಿತು. ಸ್ವತಂತ್ರ ಭಾರತದಲ್ಲಿ ಮದರಾಸು ಸರ್ಕಾರವೂ ಪ್ರಧಾನಿ ನೆಹರೂ ಅವರೂ ಅವರ ಸೇವೆಯನ್ನು ನೆನೆದು ಧನಸಹಾಯ ಸಲ್ಲಿಸಿದರು. ದಂಪತಿಗಳು ಕೂಡಿ ಬರೆದ ಆತ್ಮಕಥೆ 1950ರಲ್ಲಿ ಪ್ರಕಟವಾಯಿತು. 1954ರ ಮಾರ್ಚ್ 11ರಂದು ಶ್ರೀಮತಿ ಕಸಿನ್ಸ್ ಕಾಲವಾದರು. 1956ರಲ್ಲಿ ಜೇಮ್ಸ್ ಅವರೂ ತೀರಿಕೊಂಡರು.

ನಮ್ಮ ಕರ್ತವ್ಯ

ಇಲ್ಲಿ ಮತ್ತೊಬ್ಬರನ್ನು ನೆನೆಯದಿದ್ದರೆ ಲೇಖನ ಪೂರ್ಣವಾಗದು. ನಮ್ಮ ಕಲ್ಯಾಣದುರ್ಗದ ಸೀಮೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಜನಿಸಿದ ರಾಳ್ಲಪಲ್ಲಿ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದೀರ್ಘಕಾಲ ತೆಲುಗು ಪಂಡಿತರಾಗಿದ್ದರು. ಕನ್ನಡದಲ್ಲಿ 'ಗಾನಕಲೆ'ಯನ್ನು ಬರೆದರು. ನಿವೃತ್ತಿಯ ಬಳಿಕ ತಿರುಪತಿಗೆ ಹೋಗಿ, ತಾಮ್ರಪಟಗಳಲ್ಲಿ ಸಾಹಿತ್ಯ ಮಾತ್ರ ಉಳಿದು ಧಾಟಿ ಅಳಿದುಹೋಗಿದ್ದ ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಹೊಂದಿಸಿ, ಬರೆದು, ಪ್ರಕಟಿಸಿದರು. 1974ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಅವರೂ ಮಾರ್ಚ್ 11ರಂದೇ, 1979ರಲ್ಲಿ, ಕಾಲವಾದರು. ಮದನಪಲ್ಲಿಯಲ್ಲಿ ಧಾಟಿಯಿತ್ತು, ನಮಗೆ ಬೇಕಾದ ಬರಹವಿರಲಿಲ್ಲ; ತಿರುಪತಿಯಲ್ಲಿ ಬರಹವಿತ್ತು, ಧಾಟಿಯಿರಲಿಲ್ಲ. ಎರಡು ಕಡೆಯೂ ಕೊರತೆಯನ್ನು ತುಂಬಿದವರು ಪಾಠ ಹೇಳುವ ವೃತ್ತಿಯವರು.

ಧಾಟಿ ಹಾಗೆಯೇ ಅಳಿದುಹೋದರೆ ಅದನ್ನು ಮರಳಿ ಪಡೆಯುವುದಕ್ಕೆ ಶರ್ಮರಂತಹ ವಿದ್ವಾಂಸರು ಎಲ್ಲರಿಗೂ ದೊರೆಯುವುದಿಲ್ಲ. ಅನಂತಪುರ ಜಿಲ್ಲೆ 1882ರಲ್ಲಿ ಬಳ್ಳಾರಿಯಿಂದ ಬೇರೆಯಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೂ ಅನಂತಪುರ ಆಂಧ್ರಕ್ಕೂ ಸೇರಿದುವು. 2022ರಲ್ಲಿ ಹಿಂದೂಪುರ ಬೇರೆ ಜಿಲ್ಲೆಗೆ ಹೋಯಿತು. ಗೆರೆಗಳು ಹೀಗೆ ಬದಲಾಗುತ್ತಿರುವಾಗ ಗಡಿನಾಡಿನವರ ಚರಿತ್ರೆ ಎರಡು ಕಡೆಯ ಪುಸ್ತಕಗಳಲ್ಲೂ ಅಂಚಿಗೆ ಸರಿಯುತ್ತದೆ. ನಮ್ಮ ಹಳ್ಳಿಗಳ ಬೀಸುವ ಪದ, ಸೋಬಾನೆ, ಕೋಲಾಟದ ಪದಗಳನ್ನು ಬಲ್ಲ ಮುದುಕಿಯರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಸಾಹಿತ್ಯವನ್ನು ಬರೆದುಕೊಂಡವರು ನಮ್ಮಲ್ಲಿ ಕೆಲವರಿದ್ದಾರೆ. ಧಾಟಿಯನ್ನು ಬರೆದವರು ವಿರಳ. ಈಗ ಧ್ವನಿಮುದ್ರಣ ಸುಲಭವಾಗಿದೆ, ಅದನ್ನೂ ಮಾಡೋಣ. ಆದರೆ ಮುದ್ರಣ ಮಾಡಿಟ್ಟರೆ ಹಾಡು ಉಳಿದಂತಾಗಲಿಲ್ಲ. ಸ್ವರ ಹಾಕಿ, ಮಕ್ಕಳಿಂದ ಹಾಡಿಸಿ, ಹಾಡಿದ ಅಜ್ಜಿಗೆ ಕೇಳಿಸಿ, ಸರಿಯೆನ್ನಿಸಿಕೊಂಡ ಮೇಲೆಯೇ ಅದು ಉಳಿಯುತ್ತದೆ. ಕವಿಗಳೆದುರು ಶ್ರೀಮತಿ ಕಸಿನ್ಸ್ ಅನುಸರಿಸಿದ ಕ್ರಮವೂ ಇದೇ.

ನಮ್ಮ ಸಂಘದ ಉಪಾಧ್ಯಾಯ ಬಂಧುಗಳು ಒಬ್ಬೊಬ್ಬರು ತಮ್ಮ ಶಾಲೆಯಿರುವ ಊರಿನ ಒಂದೊಂದು ಹಾಡನ್ನು ಈ ರೀತಿ ಬರೆದು ತಂದರೂ ಮುಂದಿನ ಸಂಚಿಕೆಗೆ ಅದಕ್ಕಿಂತ ಒಳ್ಳೆಯ ಕಾಣಿಕೆ ಬೇರೆ ಇಲ್ಲ. ಹಾಡು ಕನ್ನಡದ್ದಾಗಲಿ ತೆಲುಗಿನದಾಗಲಿ, ಬರೆದುಕೊಳ್ಳುವ ಕೈ ನಮ್ಮದಾಗಿರಲಿ.